ಅಪ್ಪ ಅಮ್ಮನ ಜೊತೆ ಮೈಸೂರಲ್ಲಿ ಒಂದು ಭಾನುವಾರ

ಎಲ್ಲರಿಗೂ ನಮಸ್ಕಾರ. ಈಗ ಬೆಳಗ್ಗೆ ಏಳೂವರೆ, ಇದು ಮೈಸೂರಿನ ಸಿಟಿ ಬಸ್ ನಿಲ್ದಾಣ. ಬಿಳಿ ಪಂಚೆ ಉಟ್ಟು ಎಲ್ಲರಿಗಿಂತ ಮುಂದೆ ನಿಂತಿದ್ದಾರಲ್ಲ, ಅವರೇ ನಮ್ಮಪ್ಪ. ಪಕ್ಕದಲ್ಲಿ ಚಕ್ಕುಲಿ ಡಬ್ಬಿ ಹಿಡಿದಿರುವವರು ಅಮ್ಮ. ತಿಪಟೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದೇವೆ. ಇವರಿಬ್ಬರೂ ಮೈಸೂರು ನೋಡಿದ್ದು ಮದುವೆಯಾದ ವರ್ಷ, ದಸರಾ ಗದ್ದಲದಲ್ಲಿ. ಅರಮನೆಗಿಂತ ಮುಂದೆ ನಿಂತವರ ಬೆನ್ನೇ ಜಾಸ್ತಿ ಕಂಡಿತ್ತಂತೆ. ಅಮ್ಮ ಇವತ್ತಿಗೂ ಅದನ್ನು ಹೇಳುತ್ತಿರುತ್ತಾರೆ.

ಬಂತು ನೋಡಿ, 201. ಚಾಮುಂಡಿ ಬೆಟ್ಟಕ್ಕೆ ಇದೇ ಬಸ್ಸು. ಅಪ್ಪನಿಗೆ ಸಾವಿರ ಮೆಟ್ಟಿಲು ಹತ್ತಿಯೇ ಹೋಗುವ ಆಸೆ ಇತ್ತು. ಅಮ್ಮನ ಮಂಡಿ ಕೇಳಬೇಕಲ್ಲ. ದರ್ಶನ ಬೇಗ ಆಯಿತು. ಇಳಿಯುವಾಗ ಆಟೋದಲ್ಲಿ ನಂದಿ ಹತ್ತಿರ ಬಂದೆವು. 15 ಅಡಿ ಎತ್ತರದ ಈ ಬಸವ ದೊಡ್ಡ ದೇವರಾಜ ಒಡೆಯರ ಕಾಲದ್ದು, ಪೂರ್ತಿ ಒಂದೇ ಬಂಡೆ. ಅಮ್ಮ ಕೈ ಮುಗಿದರು. ಅಪ್ಪ ಮಾತ್ರ ಕೊರಳಿನ ಗಂಟೆ ಸರವನ್ನೇ ನೋಡುತ್ತಾ ನಿಂತರು. "ಒಂದು ಏಟು ತಪ್ಪಿದ್ರೂ ಹೋಯ್ತು. ಕಲ್ಲಿಗೆ ತೇಪೆ ಹಾಕೋಕಾಗಲ್ಲ" ಅಂದರು.

ನಮ್ಮಪ್ಪ ಮರಗೆಲಸದವರು. ನಲವತ್ತು ವರ್ಷ ಬಾಗಿಲು, ದಾರಂದ ಮಾಡಿದ್ದಾರೆ. ನಮ್ಮೂರಿನ ಅರ್ಧ ಮನೆಗಳಿಗೆ ನೀವು ಒಳಗೆ ಹೋಗುವುದೇ ಅವರು ಮಾಡಿದ ಬಾಗಿಲಿನಿಂದ. ಇದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಅರಮನೆ ಇದೆ.

ಒಳಗೆ ನಾನು ಕ್ಯಾಮೆರಾ ಇಳಿಸಿಬಿಟ್ಟೆ. ಅಪ್ಪನ ಜೊತೆ ನೋಡಬೇಕಿತ್ತು. ಹಳೆಯ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹೋಯಿತು. ಈಗಿನದು ಹೆನ್ರಿ ಇರ್ವಿನ್ ಅವರ ವಿನ್ಯಾಸ, 1912ರಲ್ಲಿ ಮುಗಿಯಿತು. ಕಲ್ಯಾಣ ಮಂಟಪದ ಕಂಬಗಳು ಎರಕದ ಕಬ್ಬಿಣದವು. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಎಲ್ಲರೂ ತಲೆ ಎತ್ತಿ ಚಾವಣಿಯ ಗಾಜಿನ ನವಿಲು ನೋಡುತ್ತಿದ್ದರು. ಅಮ್ಮನೂ ಅಷ್ಟೇ, ಬಾಯಿಬಿಟ್ಟುಕೊಂಡು ನೋಡಿದರು.

ಅಪ್ಪ ನಿಂತಿದ್ದು ಅಂಬಾವಿಲಾಸದಲ್ಲಿ, ಅಂದರೆ ರಾಜರ ಖಾಸಗಿ ದರ್ಬಾರ್ ಹಾಲಿನಲ್ಲಿ. ಅಲ್ಲಿ ಬೀಟೆ ಮರದ ಬಾಗಿಲಿದೆ, ಮೈತುಂಬ ದಂತದ ಕುಸುರಿ. ದಂತದ ಚೂರು ಯಾವ ಆಕಾರದಲ್ಲಿದೆಯೋ ಮರವನ್ನು ಅದೇ ಆಕಾರಕ್ಕೆ ಕೊರೆದು ಕೂರಿಸಬೇಕು. ಅಪ್ಪ ಕೂತು ನೋಡಿದರು, ಎದ್ದು ನೋಡಿದರು, ಪಕ್ಕಕ್ಕೆ ಬಂದು ನೋಡಿದರು. "ಮರ ಮಳೆಗಾಲದಲ್ಲಿ ಹಿಗ್ಗುತ್ತೆ, ಬೇಸಿಗೇಲಿ ಕುಗ್ಗುತ್ತೆ. ದಂತ ಹಂಗಲ್ಲ. ಆದ್ರೂ ನೋಡು, ನೂರು ವರ್ಷ ಆದ್ರೂ ಒಂದು ಕೂದಲು ಸಂದಿ ಬಿಟ್ಟಿಲ್ಲ." ಹೇಳುವಾಗ ಅವರ ಹೆಬ್ಬೆರಳು ಗಾಳಿಯಲ್ಲೇ ಆ ಅಂಚನ್ನು ಸವರುತ್ತಿತ್ತು. ಹಿಂದಿನ ಜನ ತಳ್ಳಿದರು, ನಾವು ಮುಂದೆ ಹೋಗಲೇಬೇಕಾಯಿತು. ಅಪ್ಪ ಎರಡು ಸಲ ತಿರುಗಿ ನೋಡಿದರು.

ಮಧ್ಯಾಹ್ನ ಊಟ, ಸ್ವಲ್ಪ ನಿದ್ದೆ. ಫಿಲೋಮಿನಾ ಚರ್ಚಿನ 175 ಅಡಿಯ ಎರಡು ಗೋಪುರಗಳನ್ನು ಹೊರಗಿಂದ ನೋಡಿದೆವು. ಮೃಗಾಲಯ ಬಿಟ್ಟೆವು. ಅಷ್ಟು ನಡೆಸಿ ಅಮ್ಮನ ಮಂಡಿಗೆ ತೊಂದರೆ ಕೊಡಲು ನನಗೆ ಮನಸ್ಸಾಗಲಿಲ್ಲ.

ಇದು ದೇವರಾಜ ಮಾರುಕಟ್ಟೆ. ಗೋಪುರದ ಹಾಗೆ ಒಟ್ಟಿರುವ ಕುಂಕುಮ, ಆ ಕಡೆ ವೀಳ್ಯದೆಲೆ, ಈ ಕಡೆ ನಂಜನಗೂಡು ರಸಬಾಳೆ. ಸಿಪ್ಪೆ ಕಪ್ಪಾದರೂ ಒಳಗೆ ಹಣ್ಣು ಚೆನ್ನಾಗಿರುತ್ತೆ. ಸೊರಗು ರೋಗ ಬಂದು ಈ ತಳಿಯ ತೋಟಗಳು ತುಂಬಾ ಕಡಿಮೆಯಾಗಿವೆ. ಸಿಕ್ಕಿದಾಗ ತಿಂದುಬಿಡಿ. ಅಮ್ಮ ಹೂವಿನಂಗಡಿ ಮುಂದೆ ನಿಂತು ಒಂದು ಮಾರು ಮಲ್ಲಿಗೆ ತೆಗೆದುಕೊಂಡರು. ಅಳತೆ ಮಾತ್ರ ತಮ್ಮ ಕೈಯಲ್ಲೇ ಆಗಬೇಕು ಅಂದರು. ಮಾರುವಾಕೆ ನಗುತ್ತಾ ಹೂವಿನ ತುದಿ ಅಮ್ಮನ ಕೈಗೆ ಕೊಟ್ಟರು. ಅರ್ಧ ನನ್ನ ಮುಡಿಗೆ ಬಂತು.

ಸಂಜೆ ಏಳು. ಮತ್ತೆ ಅರಮನೆ ಮುಂದೆ. ಭಾನುವಾರ ದೀಪ ಹಾಕುತ್ತಾರೆ, ಅದಕ್ಕೇ ಇವತ್ತು ಬಂದಿದ್ದು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ನೋಡಿ... ಈಗ... ಅಬ್ಬಾ!

ಅಮ್ಮನ ಮುಖ ನೋಡಿ. ಈ ಸಲ ಮುಂದೆ ಯಾರ ಬೆನ್ನೂ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ದೀಪ ನೋಡಿ ನನ್ನ ಕಡೆ ತಿರುಗಿದರು. "ಪುಟ್ಟಿ, ನಾಳೆ ಅರಮನೆ ಎಷ್ಟೊತ್ತಿಗೆ ತೆಗೀತಾರೆ?"

"ಹತ್ತಕ್ಕೆ ಅಪ್ಪ."

"ನಮ್ಮ ಬಸ್ಸು?"

"ಒಂಬತ್ತಕ್ಕೆ."

ಅಪ್ಪ ಸುಮ್ಮನಾದರು. ಅಮ್ಮ ಅಂದರು, "ಮಧ್ಯಾಹ್ನದ ಬಸ್ಸಿಗೆ ಹೋದ್ರಾಯ್ತು ಬಿಡಿ. ನಂಗೂ ಇನ್ನೊಂದು ಮಾರು ಹೂವು ಬೇಕು."