ಲಾಬ್‌ಸ್ಟರ್ ಚಿಪ್ಪು ಕಳಚುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಹಾವಿನ ಪೊರೆ ಬೇಲಿಗೆ ಸಿಕ್ಕಿಕೊಂಡಿರುವುದನ್ನು ನೀವೆಲ್ಲ ನೋಡಿರುತ್ತೀರಿ. ಸೀಗಡಿ, ಏಡಿಗಳ ಬಳಗದ ಕಡಲಜೀವಿ ಲಾಬ್‌ಸ್ಟರ್ ಕಳಚುವುದು ಅಂಥ ತೆಳು ಪೊರೆಯಲ್ಲ, ಸುಣ್ಣ ತುಂಬಿದ ಗಟ್ಟಿ ಚಿಪ್ಪು. ನಾನು ಹೇಳುತ್ತಿರುವುದು ಅಮೆರಿಕದ ಮೇಯ್ನ್ ಕರಾವಳಿಯ ತಣ್ಣೀರಿನ ಲಾಬ್‌ಸ್ಟರ್ ಬಗ್ಗೆ. ನಮ್ಮ ಮಲ್ಪೆ, ಕಾರವಾರದ ಬಲೆಗೆ ಬೀಳುವುದು ಉದ್ದ ಮುಳ್ಳುಮೀಸೆಯ ಬೇರೆ ಬಗೆ. ಅದಕ್ಕೆ ದೊಡ್ಡ ಇಕ್ಕಳಗಳಿಲ್ಲ. ಮೇಯ್ನಿನದಕ್ಕೆ ಇವೆ, ಚಿಪ್ಪು ಬಿಡುವಾಗ ಕಷ್ಟವೆಲ್ಲ ಆ ಇಕ್ಕಳಗಳದ್ದೇ.

ಚಿಪ್ಪು ತಾನಾಗಿ ಹಿಗ್ಗುವುದಿಲ್ಲ. ಹಾಗಾಗಿ ಬೆಳವಣಿಗೆಯೆಲ್ಲ ಕಳಚಿದ ಕೆಲವು ಗಂಟೆಗಳಲ್ಲೇ ಆಗಬೇಕು. ಮೊಟ್ಟೆಯೊಡೆದು ಬಂದ ಮರಿ ಅರ್ಧ ಕಿಲೋ ತೂಗುವಷ್ಟಾಗಲು ಐದರಿಂದ ಏಳು ವರ್ಷ ಬೇಕು. ಅಷ್ಟರೊಳಗೆ 20ರಿಂದ 25 ಸಲ ಚಿಪ್ಪು ಬದಲಾಗಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಇನ್ನೂ ದೊಡ್ಡದಾದ ಮೇಲೆ ಎರಡು ಮೂರು ವರ್ಷಕ್ಕೊಮ್ಮೆ.

ತಯಾರಿ ವಾರಗಟ್ಟಲೆ ಮೊದಲೇ ಶುರು. ಹಳೆಯ ಚಿಪ್ಪಿನಡಿ ಮೆತ್ತನೆಯ ಹೊಸ ಚಿಪ್ಪು ಮೂಡುತ್ತದೆ. ಹಳೆಯದರ ಸುಣ್ಣವನ್ನು ಒಂದಿಷ್ಟು ಹೀರಿ, ಹೊಟ್ಟೆಯ ಗೋಡೆಯಲ್ಲಿ ಬಿಳಿ ಹರಳಾಗಿ ಕೂಡಿಡುತ್ತದೆ. ಇಕ್ಕಳದ ಮಾಂಸ ಬತ್ತಿ ಕುಗ್ಗುತ್ತದೆ, ರಕ್ತ ಹಿಂದಕ್ಕೆ ಸರಿಯುತ್ತದೆ.

ಆ ಹೊತ್ತು ಬಂದಾಗ ಲಾಬ್‌ಸ್ಟರ್ ಮಗ್ಗುಲಾಗಿ ಮಲಗಿ ಮೈ ಬಾಗಿಸುತ್ತದೆ. ಬೆನ್ನಿನ ಚಿಪ್ಪು ಬಾಲ ಸೇರುವ ಕಡೆ ಬಿರಿದು ಮೇಲೆದ್ದರೆ ಆ ಸಂದಿನಿಂದಲೇ ಹೊರಬರಬೇಕು. ಬಿಗಿ ಬಳೆಯಿಂದ ಮುಷ್ಟಿ ಎಳೆದ ಹಾಗೆ, ಅಷ್ಟು ದಪ್ಪದ ಇಕ್ಕಳವನ್ನು ಬುಡದ ಸಣ್ಣ ಗೆಣ್ಣುಗಳೊಳಗಿಂದ ನುಸುಳಿಸಬೇಕು. ಎಲ್ಲ ಸರಿಹೋದರೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಕಣ್ಣಿನ ಹೊರಪದರ, ಕಿವಿರಿನ ಹೊದಿಕೆ, ಹೊಟ್ಟೆಯೊಳಗೆ ಆಹಾರ ಅರೆಯುವ ಹಲ್ಲುಗಳು ಕೂಡ ಹಳೆಯ ಚಿಪ್ಪಿನ ಜೊತೆಗೇ ಹೋಗುತ್ತವೆ!

ಇಕ್ಕಳ ಸಿಕ್ಕಿಕೊಂಡರೆ ಅದನ್ನು ಬುಡದಲ್ಲೇ ಕಳಚಿ ಬಿಟ್ಟುಬಿಡುತ್ತದೆ. ಮುಂದಿನ ಸಲಗಳಲ್ಲಿ ಅದು ಮತ್ತೆ ಚಿಗುರುತ್ತದೆ, ಮೊದಮೊದಲು ಗಿಡ್ಡಾಗಿ. ಮೈಯೇ ಸಿಕ್ಕಿಕೊಂಡರೆ ಮಾತ್ರ ಸಾವು.

ಹೊರಬಂದದ್ದು ರಬ್ಬರಿನಷ್ಟು ಮೆತ್ತಗೆ. ನೀರು ಹೀರಿ ಹೀರಿ ಉಬ್ಬುತ್ತದೆ: ಉದ್ದ ನೂರಕ್ಕೆ ಸುಮಾರು 14ರಷ್ಟು, ತೂಕ ಹತ್ತಿರಹತ್ತಿರ ಅರ್ಧದಷ್ಟು ಹೆಚ್ಚುತ್ತದೆ. ಕಾಡ್ ಮೀನಿಗೂ ತನ್ನದೇ ಜಾತಿಯವಕ್ಕೂ ಈಗ ಸುಲಭದ ತುತ್ತು. ಬಂಡೆಯ ಸಂದಿಯಲ್ಲಿ ಅಡಗಿ, ಹಳೆಯ ಚಿಪ್ಪನ್ನೇ ತಿಂದು ಸುಣ್ಣ ಮರಳಿ ಪಡೆಯುತ್ತದೆ. ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಜುಲೈನಿಂದ ಮೇಯ್ನಿನ ಮಾರುಕಟ್ಟೆಗೆ ಬರುವ ಮೆತ್ತನೆ ಚಿಪ್ಪಿನವು ಅಗ್ಗವಾಗಿರುವುದು ಇದಕ್ಕೇ: ಒಳಗೆ ಮಾಂಸ ಕಡಿಮೆ, ನೀರು ಜಾಸ್ತಿ, ದೂರ ಸಾಗಿಸಿದರೆ ಬದುಕುವುದೂ ಕಷ್ಟ.

ಅಲ್ಲಿನ ಮೀನುಗಾರರು ಕಣ್ಣಿನ ಗುಳಿಯಿಂದ ಬೆನ್ನಿನ ಚಿಪ್ಪಿನ ಕೊನೆಯವರೆಗೆ ಅಳೆಯುತ್ತಾರೆ. ಕನಿಷ್ಠ ಮೂರೂಕಾಲು ಇಂಚು, ಅಂದರೆ ಸುಮಾರು 83 ಮಿಲಿಮೀಟರ್ ಇರಲೇಬೇಕು. 80 ಇದ್ದದ್ದನ್ನು ನೀರಿಗೆ ಬಿಟ್ಟರೆ ನಾಳೆಯೂ, ಬರುವ ತಿಂಗಳೂ ಅದು 80ರಲ್ಲೇ ಇರುತ್ತದೆ. ಒಮ್ಮೆ ಚಿಪ್ಪು ಕಳಚಿತೋ, 91.