ಪಿಆರ್‌ಆರ್: 27 ಸಾವಿರ ಕೋಟಿ ಹತ್ತಕ್ಕೆ ಇಳಿದಿದ್ದು ಹೇಗೆ?

ನಮಸ್ಕಾರ. ಇವತ್ತು ಪೆರಿಫೆರಲ್ ರಿಂಗ್ ರೋಡ್ ವಿಷಯ. ಅಯ್ಯೋ ಅದಾ ಅಂತ ಮುಂದಿನ ವಿಡಿಯೋಗೆ ಹಾರಬೇಡಿ. ಈಗ ಅದಕ್ಕೆ ಹೊಸ ಹೆಸರಿದೆ, ಬೆಂಗಳೂರು ಬಿಸಿನೆಸ್ ಕಾರಿಡಾರ್. ರಸ್ತೆ ಇನ್ನೂ ಹುಟ್ಟಿಲ್ಲ, ನಾಮಕರಣ ಮಾತ್ರ ಎರಡು ಸಲ ಆಯಿತು.

ನಕ್ಷೆ ಸರಳ. ತುಮಕೂರು ರಸ್ತೆಯಿಂದ ಹೊರಟು ಹೆಸರಘಟ್ಟ, ದೊಡ್ಡಬಳ್ಳಾಪುರ ರಸ್ತೆ, ಬಳ್ಳಾರಿ ರಸ್ತೆ, ಹಳೆ ಮದ್ರಾಸ್ ರಸ್ತೆ, ಸರ್ಜಾಪುರ ರಸ್ತೆ ದಾಟಿ ಹೊಸೂರು ರಸ್ತೆ ಸೇರುವುದು. ಸುಮಾರು 73 ಕಿಲೋಮೀಟರ್. ಆ ಕಡೆ ನೈಸ್ ರಸ್ತೆ ಹೇಗೂ ಇದೆ, ಇದು ಬಂದರೆ ಸುತ್ತು ಪೂರ್ತಿಯಾಗುತ್ತದೆ. ಹೊಸೂರು ಕಡೆಯಿಂದ ಬಂದ ಲಾರಿ ಬಳ್ಳಾರಿ ಕಡೆ ಹೋಗಲು ಸಿಲ್ಕ್ ಬೋರ್ಡ್, ಹೆಬ್ಬಾಳದಲ್ಲಿ ನಿಂತು ಹೊಗೆ ಉಗುಳಬೇಕಿಲ್ಲ. ಈ ರಸ್ತೆ ಬೇಕಾ ಅಂದರೆ, ಬೇಕು. ಅದರಲ್ಲಿ ನನಗೆ ಅನುಮಾನ ಇಲ್ಲ.

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಇದಕ್ಕೆ ಜಮೀನು ತೆಗೆದುಕೊಳ್ಳಲು ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2005ರಲ್ಲಿ. ಅಂತಿಮ ಅಧಿಸೂಚನೆ 2007ರಲ್ಲಿ. ಆ ವರ್ಷ ಹುಟ್ಟಿದ ಮಗುವಿಗೆ ಈಗ ವೋಟರ್ ಐಡಿ ಬಂದಿದೆ. ರಸ್ತೆಗೆ ಇನ್ನೂ ಟಾರು ಬಿದ್ದಿಲ್ಲ.

ಯಾಕೆ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ. ದುಡ್ಡಿಲ್ಲ. ಸರಿ, ಆದರೆ ಯಾವುದಕ್ಕೆ ದುಡ್ಡಿಲ್ಲ? 2024ರ ಹೊತ್ತಿಗೆ ಯೋಜನೆಯ ಅಂದಾಜು 27 ಸಾವಿರ ಕೋಟಿಗೆ ಬಂದಿತ್ತು. ಅದರಲ್ಲಿ ಮುಕ್ಕಾಲು ಪಾಲು ಜಮೀನಿಗೇ. ಜಲ್ಲಿ, ಸಿಮೆಂಟು, ಸೇತುವೆ ಎಲ್ಲ ಸೇರಿ ಉಳಿದ ಕಾಲು ಭಾಗ. 2007ರಲ್ಲೇ ಪರಿಹಾರ ಕೊಟ್ಟು ಮುಗಿಸಿದ್ದರೆ ಇವತ್ತಿನ ಬೆಲೆಯ ಮಾತೇ ಇರುತ್ತಿರಲಿಲ್ಲ. ತಡ ಮಾಡಿದ್ದು ಸರ್ಕಾರ, ಬೆಲೆ ಏರಿತು ಅಂತ ಕೈಚೆಲ್ಲಿದ್ದೂ ಸರ್ಕಾರವೇ.

ಈ ತಡ ರೈತರಿಗೆ ಏನು ಮಾಡಿತು ಅಂತ ಪಹಣಿ ನೋಡಿದರೆ ಗೊತ್ತಾಗುತ್ತದೆ. ಹೆಸರು ಇವರದ್ದೇ. ಬೆಳೆ ಕಾಲಂನಲ್ಲಿ ರಾಗಿ. ಪಕ್ಕದಲ್ಲೇ ಒಂದು ಸಾಲು, ಬಿಡಿಎ ಭೂಸ್ವಾಧೀನ. ಆ ಒಂದು ಸಾಲು ಇದ್ದರೆ ಕೊಳ್ಳುವವನು ಬರಲ್ಲ. ಬ್ಯಾಂಕ್ ಮ್ಯಾನೇಜರ್ ಕಾಗದ ತಿರುಗಿಸಿ ವಾಪಸ್ ಕೊಡುತ್ತಾರೆ. ಮಗಳ ಮದುವೆಗೆ ಅರ್ಧ ಎಕರೆ ಮಾರೋಣ ಅಂದರೆ ಆಗಲ್ಲ, ಮನೆ ಕಟ್ಟೋಣ ಅಂದರೆ ಪ್ಲಾನ್ ಮಂಜೂರಾಗಲ್ಲ. ಬೇಲಿ ಆಚೆ ಇರುವವನು ಜಮೀನು ಮಾರಿ ಅಪಾರ್ಟ್‌ಮೆಂಟ್ ಎದ್ದೂ ಆಯಿತು. ಇವರು ಮಾತ್ರ ಪರಿಹಾರವೂ ಇಲ್ಲದೆ, ಜಮೀನೂ ಕೈಗೆ ಬಾರದೆ ಹಾಗೇ ಇದ್ದಾರೆ.

ಕಾನೂನೂ ಇವರ ಕೈ ಹಿಡಿಯಲಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರ ಜಾಸ್ತಿ ಅಲ್ವಾ? ಅದನ್ನೇ ಕೊಡಿ ಅಂತ ರೈತರು ಕೇಳಿದರು. ಬಿಡಿಎ ಕಾಯ್ದೆಯಡಿ ಮಾಡುವ ಸ್ವಾಧೀನಕ್ಕೆ ಅದು ಅನ್ವಯಿಸಲ್ಲ, 1894ರ ಕಾಯ್ದೆಯ ಲೆಕ್ಕವೇ ಅಂತ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬ್ರಿಟಿಷರ ಕಾಲದ ಕಾಯ್ದೆಯಲ್ಲಿ ಇಪ್ಪತ್ತೊಂದನೇ ಶತಮಾನದ ರಸ್ತೆ!

ಪರಿಸರದ ಕಥೆ ಇನ್ನೊಂದು. ಬಿಡಿಎ ಮೊದಲು ಕೊಟ್ಟ ವಿವರದಲ್ಲಿ ಕಡಿಯುವ ಮರ ಕೆಲವು ನೂರು ಅಂತ ಇತ್ತು. ಆಮೇಲೆ ನೋಡಿದರೆ 16 ಸಾವಿರ ದಾಟಿತು. ಪೆಟ್ರೋಲಿಯಂ ಪೈಪ್‌ಲೈನ್ ಹಾದುಹೋಗುವ ವಿಷಯವನ್ನೂ ಹೇಳಿರಲಿಲ್ಲ. ಪರಿಸರ ಅನುಮತಿ ಸಿಕ್ಕಿದ್ದರೂ ಅಧ್ಯಯನ ಮತ್ತೆ ಮಾಡಿ ಅಂತ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೊಸದಾಗಿ ಅಧ್ಯಯನ ಮಾಡಿ ಅಂದಿತು. ಪರಿಸರವಾದಿಗಳಿಂದ ಯೋಜನೆ ನಿಂತಿತು ಅಂತ ಗೊಣಗುವವರಿದ್ದಾರೆ. ಸ್ವಾಮಿ, ಮರ ಎಣಿಸಲು ಬಾರದಿದ್ದದ್ದು ಅವರಿಗಲ್ಲ.

ಇಷ್ಟರ ನಡುವೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಾಲದ ಮಾತು ಬಂತು, ಹೋಯಿತು. ಆಮೇಲೆ ಟೆಂಡರ್. ಷರತ್ತು ಏನಪ್ಪಾ ಅಂದರೆ, ರಸ್ತೆ ಕಟ್ಟುವ ಕಂಪನಿಯೇ ಜಮೀನಿನ ದುಡ್ಡನ್ನೂ ಹಾಕಬೇಕು, 50 ವರ್ಷ ಟೋಲ್ ವಸೂಲಿ ಮಾಡಿಕೊಳ್ಳಬೇಕು. ಇನ್ನೂ ಹೊರಗೆ ಹೆದ್ದಾರಿ ಪ್ರಾಧಿಕಾರದ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಬರುತ್ತಿದೆ. ಲಾರಿಗಳು ಅದರಲ್ಲಿ ಹೋದರೆ ಇಲ್ಲಿ ಟೋಲ್ ಕಟ್ಟುವವರು ಯಾರು? ಕಂಪನಿಗಳಿಗೆ ಲೆಕ್ಕ ಬರುತ್ತದೆ. ಅವು ಟೆಂಡರಿಗೆ ಬರಲಿಲ್ಲ.

ಆಮೇಲೆ ಹುಡ್ಕೋ, ಕೇಂದ್ರ ಸರ್ಕಾರದ ಸಾಲ ಕೊಡುವ ಸಂಸ್ಥೆ. 27 ಸಾವಿರ ಕೋಟಿ ಸಾಲ, ಸರ್ಕಾರದ ಗ್ಯಾರಂಟಿ. ಬಡ್ಡಿ ಶೇಕಡಾ 9 ಅಂತ ಸುಮ್ನೆ ಇಟ್ಟುಕೊಳ್ಳಿ. ಪೂರ್ತಿ ಸಾಲ ತೆಗೆದರೆ ವರ್ಷಕ್ಕೆ 2,430 ಕೋಟಿ ಬಡ್ಡಿ. ದಿನಕ್ಕೆ ಆರೂವರೆ ಕೋಟಿಗಿಂತ ಜಾಸ್ತಿ. ಮೂಲೆ ಸೈಟು ಹರಾಜು ಹಾಕಿ ಜೀವನ ಮಾಡುವ ಬಿಡಿಎ ಇದನ್ನು ಎಲ್ಲಿಂದ ತರುತ್ತದೆ?

ಅದಕ್ಕೇ 2025ರ ಅಕ್ಟೋಬರಿನಲ್ಲಿ ಹೊಸ ಸೂತ್ರ ಬಂತು. ನೂರು ಮೀಟರ್ ಅಗಲದಲ್ಲಿ 65 ಮೀಟರ್ ರಸ್ತೆಗೆ, 35 ಮೀಟರ್ ವಾಣಿಜ್ಯಕ್ಕೆ. ರೈತರಿಗೆ ನಗದು ಬೇಕಾ, ಟಿಡಿಆರ್ ಬೇಕಾ, ಅಭಿವೃದ್ಧಿಪಡಿಸಿದ ಜಾಗ ಬೇಕಾ ಅಂತ ಆಯ್ಕೆ. ಖರ್ಚು 10 ಸಾವಿರ ಕೋಟಿಯೊಳಗೆ ಮುಗಿಯುತ್ತದೆ ಅಂತ ಡಿ.ಕೆ. ಶಿವಕುಮಾರ್ ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲಿ. ಉಳಿದ 17 ಸಾವಿರ ಕೋಟಿ ಮಾಯವಾಯಿತಾ? ಇಲ್ಲ. ಅದು ರೈತರ ಲೆಕ್ಕಕ್ಕೆ ಹೋಯಿತು. ಟಿಡಿಆರ್ ಅಂದರೆ ಹೆಚ್ಚುವರಿ ಕಟ್ಟಡ ಕಟ್ಟುವ ಹಕ್ಕು, ಬಿಲ್ಡರಿಗೆ ಮಾರಬಹುದಾದ ಒಂದು ಕಾಗದ. ಸಾವಿರಾರು ಜನ ಒಟ್ಟಿಗೆ ಮಾರಲು ಬಂದರೆ ಅದರ ಬೆಲೆ ಬೀಳುತ್ತದೆ. ವಾಣಿಜ್ಯ ಜಾಗಕ್ಕೆ ಬೆಲೆ ಬರುವುದು ರಸ್ತೆ ಆದಮೇಲೆ. ರಸ್ತೆ ಯಾವಾಗ ಆಗುತ್ತದೆ ಅಂತ ಹಿಂದಿನ ಅನುಭವ ನೋಡಿದರೆ... ನೀವೇ ಹೇಳಿ. ಅಂದರೆ ಈ ಯೋಜನೆಗೆ ಸಾಲ ಕೊಡುತ್ತಿರುವುದು ಬ್ಯಾಂಕಲ್ಲ, ರಾಗಿ ಬೆಳೆಯುವವರು. ಬಡ್ಡಿಯೂ ಇಲ್ಲ, ಗ್ಯಾರಂಟಿಯೂ ಇಲ್ಲ.

ಜಾಗವೇ ಬೇಕು ಅನ್ನುವ ರೈತರೂ ಇದ್ದಾರೆ, ಅವರ ಲೆಕ್ಕ ಸರಿಯಿರಬಹುದು. ನಾನು ಕೇಳುವುದು ಇಷ್ಟೇ. ನಗದು ಅಂದವರಿಗೆ ಯಾವ ತಿಂಗಳು, ಯಾವ ಖಾತೆಯಿಂದ ಕೊಡುತ್ತೀರಿ? ಒಂದೊಂದು ಸರ್ವೆ ನಂಬರಿಗೂ ತಾರೀಕು ಹಾಕಿ ಪಟ್ಟಿ ಹಾಕಿ. ತಾರೀಕು ದಾಟಿದರೆ ಆ ಜಮೀನಿನ ಪಹಣಿಯಿಂದ ಬಿಡಿಎ ಸಾಲು ತೆಗೆಯಿರಿ. ಅಂಥ ಪಟ್ಟಿ ಬಂದ ದಿನ ಇದೇ ವಿಷಯಕ್ಕೆ ಇನ್ನೊಂದು ಎಪಿಸೋಡ್ ಮಾಡುತ್ತೇನೆ.