ಪಕ್ಕದಲ್ಲಿ ಕುಳಿತ ಮಗುವೂ ಕಲಿಸುತ್ತದೆ

ವೀಕ್ಷಕರೇ, ಹಿಂದಿನ ಸಂಚಿಕೆಗೆ ಬಂದ ಪ್ರತಿಕ್ರಿಯೆಗಳಲ್ಲಿ ಒಂದು ಸಾಲು ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ: "ಓದುವ ಮಗು ಎಲ್ಲಿ ಕೂತರೂ ಓದುತ್ತದೆ, ಪಕ್ಕದಲ್ಲಿ ಯಾರಿದ್ದರೇನು?" ಅನೇಕರು ಇದನ್ನು ಮೆಚ್ಚಿದ್ದಾರೆ. ಆದ್ದರಿಂದಲೇ ಇಂದು ಬೇರೆ ವಿಷಯವನ್ನು ಬದಿಗಿಟ್ಟು ಇದೊಂದಕ್ಕೇ ಉತ್ತರಿಸುತ್ತೇನೆ.

ಪ್ರಾಥಮಿಕ ತರಗತಿಯಲ್ಲಿ ಶಿಕ್ಷಕಿ ಒಬ್ಬರು, ಸಹಪಾಠಿಗಳು ಮೂವತ್ತು. ದಶಕದ ಸ್ಥಾನದಿಂದ ಸಾಲ ತಂದು ಕಳೆಯುವ ಲೆಕ್ಕವನ್ನು ಶಿಕ್ಷಕಿ ಎರಡು ಸಲ ವಿವರಿಸಿದರೂ ಹೊಳೆಯದ ಮಗುವಿಗೆ, ಅದನ್ನು ಈಗಷ್ಟೇ ಕಲಿತ ಪಕ್ಕದ ಮಗು ತನ್ನದೇ ಮಾತಿನಲ್ಲಿ ಹೇಳಿದಾಗ ಥಟ್ಟನೆ ಅರ್ಥವಾಗುವುದನ್ನು ಪಾಠ ಮಾಡಿದವರೆಲ್ಲ ಕಂಡಿದ್ದಾರೆ. ಕಥೆ ಓದಿ ಹೇಳುವ ಮನೆಯಿಂದ ಬಂದ ಮಗು ಒಂದು ಪ್ರಶ್ನೆ ಕೇಳಿದರೆ, ಅದರ ಉತ್ತರ ಇಡೀ ತರಗತಿಯ ಕಿವಿಗೆ ಬೀಳುತ್ತದೆ. ಮುಂದಿನ ಪಾಠಕ್ಕೆ ಹೋಗಬೇಕೇ, ಇಲ್ಲೇ ನಿಲ್ಲಬೇಕೇ ಎಂಬುದನ್ನು ಶಿಕ್ಷಕಿ ನಿರ್ಧರಿಸುವುದು ಎದುರಿಗಿರುವ ಮುಖಗಳನ್ನು ನೋಡಿಯೇ. ಹೀಗಿರುವಾಗ ಪಕ್ಕದಲ್ಲಿ ಯಾರಿದ್ದರೂ ಒಂದೇ ಎಂದು ಹೇಳುವುದು ಹೇಗೆ?

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದಲ್ಲಿ ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು 1966ರಲ್ಲಿ ಕೊಟ್ಟ ವರದಿ, ಮಗುವಿನ ಕಲಿಕೆಗೂ ಅದರ ಸಹಪಾಠಿಗಳ ಮನೆಯ ಹಿನ್ನೆಲೆಗೂ ಇರುವ ನಂಟು, ಕಟ್ಟಡ, ಪ್ರಯೋಗಾಲಯಗಳಂತಹ ಸೌಲಭ್ಯಗಳೊಂದಿಗೆ ಇರುವ ನಂಟಿಗಿಂತ ಬಲವಾದುದು ಎಂದು ಹೇಳಿತು. ಅದರಲ್ಲಿ ನನ್ನ ಮನಸ್ಸಿನಿಂದ ಮಾಸದ ಮಾತೊಂದಿದೆ: ಅನುಕೂಲಸ್ಥ ಮನೆಯ ಮಗುವಿಗೆ ಸಹಪಾಠಿಗಳು ಬದಲಾದರೆ ಆಗುವ ವ್ಯತ್ಯಾಸ ಸಣ್ಣದು, ಮನೆಯಲ್ಲಿ ಓದಿನ ಆಸರೆ ಇಲ್ಲದ ಮಗುವಿಗೆ ಆಗುವುದು ದೊಡ್ಡದು. "ಯಾರಿದ್ದರೇನು" ಎಂಬ ನಿಶ್ಚಿಂತೆ ಮೊದಲನೆಯ ಮನೆಯವರಿಗೆ ಮಾತ್ರ ಸಾಧ್ಯ.

ಕೀನ್ಯಾದ ಪ್ರಯೋಗವನ್ನು ನೆನಪಿಸಿ ನನ್ನನ್ನು ತಿದ್ದಲು ಹೊರಟವರೂ ಇದ್ದಾರೆ. ಅಲ್ಲಿ 121 ಪ್ರಾಥಮಿಕ ಶಾಲೆಗಳ ಪೈಕಿ ಸುಮಾರು ಅರ್ಧದಲ್ಲಿ ಒಂದನೇ ತರಗತಿಯನ್ನು ಅಂಕಗಳ ಆಧಾರದಲ್ಲಿ ಎರಡು ವಿಭಾಗ ಮಾಡಿದಾಗ, ಮುಂದಿದ್ದವರೂ ಹಿಂದಿದ್ದವರೂ ಹೆಚ್ಚು ಕಲಿತರು ಎಂಬುದು ನಿಜ. ಆದರೆ ಈ ವಾದ ಮಾಡುವವರು ಅಧ್ಯಯನದ ಅರ್ಧವನ್ನಷ್ಟೇ ಓದಿದ್ದಾರೆ. ಚೀಟಿ ಎತ್ತಿದಂತೆ ಮಕ್ಕಳನ್ನು ಹಂಚಿದ ಉಳಿದ ಶಾಲೆಗಳಲ್ಲಿ, ಚೆನ್ನಾಗಿ ಓದುವವರ ಜೊತೆಗೆ ಬಿದ್ದ ಮಕ್ಕಳೇ ಹೆಚ್ಚು ಕಲಿತರು. ಅಂಕದಂತೆ ವಿಭಾಗಿಸಿದಲ್ಲಿ ಲಾಭವಾದದ್ದಕ್ಕೆ ಸಂಶೋಧಕರು ಕೊಟ್ಟ ಕಾರಣವಾದರೂ ಏನು? ಶಿಕ್ಷಕರು ತಮ್ಮೆದುರು ಕುಳಿತವರ ಮಟ್ಟಕ್ಕೆ ಪಾಠವನ್ನು ಹೊಂದಿಸಿಕೊಂಡರು. ಎರಡೂ ಕಡೆಗಳಲ್ಲಿ ಫಲಿತಾಂಶವನ್ನು ತಿರುಗಿಸಿದ್ದು ತರಗತಿಯಲ್ಲಿ ಯಾರು ಕುಳಿತಿದ್ದರು ಎಂಬುದೇ.

ಈ ಮಾತು ನಿಮಗೆ ಮುಖ್ಯವೆನಿಸಿದರೆ ದಯವಿಟ್ಟು ವಾಹಿನಿಗೆ ಚಂದಾದಾರರಾಗಿ, ನಿಮಗೆ ಪರಿಚಯವಿರುವ ಒಬ್ಬ ಶಿಕ್ಷಕರಿಗಾದರೂ ಈ ಸಂಚಿಕೆಯನ್ನು ಕಳುಹಿಸಿ. ತರಗತಿಗಳನ್ನು ವಿಂಗಡಿಸುವವರ ಕಿವಿಗೆ ಇದು ತಲುಪಬೇಕು.

ಇನ್ನೊಬ್ಬರು "ಹೂವಿನ ಜೊತೆ ನಾರೂ ಸ್ವರ್ಗ ಸೇರಿತು" ಎಂಬ ಗಾದೆಯನ್ನು ಬರೆದು ನನ್ನನ್ನು ಬೆಂಬಲಿಸಿದ್ದಾರೆ. ಅವರ ಬೆಂಬಲಕ್ಕೆ ಕೃತಜ್ಞ, ಆದರೆ ಈ ಗಾದೆ ನನಗೆ ಬೇಡ. ಏಳು ವರ್ಷದ ಮಗುವನ್ನು ನಾರು ಎಂದು ಕರೆಯಲು ನಾವು ಯಾರು? ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನವೊಂದರ ಪ್ರಕಾರ, ಅಂಕ ಒಂದೇ ಆಗಿದ್ದರೂ ತನ್ನ ತರಗತಿಯಲ್ಲಿ ಮೇಲಿನ ಸ್ಥಾನ ಪಡೆದಿದ್ದ ಮಗು ಪ್ರೌಢಶಾಲೆಯಲ್ಲಿ ಹೆಚ್ಚು ಸಾಧಿಸುತ್ತದೆ. "ನಾನು ಹಿಂದೆ" ಎಂಬ ಭಾವನೆಯೂ ಮಗುವಿಗೆ ಬರುವುದು ಪಕ್ಕದವರನ್ನು ನೋಡಿಯೇ.

ಪಕ್ಕದಲ್ಲಿ ಯಾರಿದ್ದರೇನು ಎನ್ನುತ್ತೀರಲ್ಲ, ಯಾರಿದ್ದಾರೆ ಎಂಬುದರಲ್ಲೇ ಎಲ್ಲವೂ ಇದೆ! ಓದುವ ಮಗು ಎಲ್ಲಿ ಕೂತರೂ ಓದುತ್ತದೆ ಎಂಬ ಮಾತನ್ನು ನಾನು ಇನ್ನು ಸಹಿಸಲಾರೆ. ಬಡ ಮನೆಗಳ ಮಕ್ಕಳನ್ನೂ ಕಡಿಮೆ ಅಂಕದವರನ್ನೂ ಒಂದೇ ಕೋಣೆಗೆ ಸೇರಿಸಿ ಬಾಗಿಲು ಹಾಕಿ, ಆಮೇಲೆ ಅವರು ಓದಲಿಲ್ಲ ಎಂದು ದೂರುವುದು ಅನ್ಯಾಯ, ಅನ್ಯಾಯ, ಅನ್ಯಾಯ.

ಆ ಸಾಲನ್ನು ಬರೆದ ಮಹನೀಯರಿಗೆ ನನ್ನದೊಂದು ನೇರ ಪ್ರಶ್ನೆ: ನಿಮ್ಮ ಮಗುವಿಗೆ ಶಾಲೆ ಹುಡುಕುವಾಗ, ಅಲ್ಲಿಗೆ ಎಂತಹ ಮನೆಗಳ ಮಕ್ಕಳು ಬರುತ್ತಾರೆ ಎಂದು ನೀವು ವಿಚಾರಿಸಲಿಲ್ಲವೇ? ಉತ್ತರವನ್ನು ಈ ವಿಡಿಯೊದ ಕೆಳಗೇ ಬರೆಯಿರಿ, ನಾನು ಓದುತ್ತೇನೆ.